ಬಿಲ್ಲು ಕೊಡದವರ ನಾಡಿನಲ್ಲಿ ಫಂಡಿಂಗ್ ಹಬ್ಬ

ಬೆಂಗಳೂರಿನ ಯಾವ ಪತ್ರಿಕೆಯ ವಾಣಿಜ್ಯ ಪುಟವನ್ನಾದರೂ ತೆಗೆಯಿರಿ. ಇಂಥ ಸ್ಟಾರ್ಟಪ್ಪಿಗೆ ಇಷ್ಟು ಕೋಟಿ ಫಂಡಿಂಗ್ ಬಂತು ಎಂಬ ಸುದ್ದಿ ಇರುತ್ತದೆ. ಪಕ್ಕದಲ್ಲಿ ಕೈಕಟ್ಟಿ ನಿಂತು ನಗುವ ಇಬ್ಬರು ಹುಡುಗರ ಫೋಟೊ. ಕಂಪನಿಯ ಕಾಲು ಪಾಲು ಮಾರಿಕೊಂಡವರಿಗೆ ಈ ಊರು ಶಾಲು ಹೊದಿಸುತ್ತದೆ. ಮಾಡಿದ ಕೆಲಸಕ್ಕೆ ದುಡ್ಡು ವಸೂಲಿ ಮಾಡಿ, ಹನ್ನೆರಡು ಜನಕ್ಕೆ ತಿಂಗಳಿಗೆ ಸರಿಯಾಗಿ ಸಂಬಳ ಕೊಟ್ಟು, ಉಳಿದದ್ದರಲ್ಲಿ ಇನ್ನೊಂದು ಮಷಿನ್ ತಂದವನ ಸುದ್ದಿ ಯಾವ ಪುಟದಲ್ಲೂ ಬಂದಿಲ್ಲ, ಬರುವುದೂ ಇಲ್ಲ. ಕೋರಮಂಗಲದ ಕಾಫಿ ಅಂಗಡಿಯಲ್ಲಿ ಯಾರೂ ಅವನನ್ನು ‘ಎಷ್ಟು ಮಾರಿದಿರಿ?’ ಎಂದು ಕೇಳುವುದಿಲ್ಲ. ‘ಎಷ್ಟು ರೈಸ್ ಮಾಡಿದಿರಿ?’ ಎಂದು ಕೇಳುತ್ತಾರೆ. ದುಡಿದು ತಂದ ದುಡ್ಡಿಗಿಂತ ಇಸಕೊಂಡು ತಂದ ದುಡ್ಡಿಗೆ ಮರ್ಯಾದೆ ಹೆಚ್ಚು.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವೆಂಚರ್ ಕ್ಯಾಪಿಟಲ್ (ವಿಸಿ) ಇಲ್ಲದೆ ಕಂಪನಿ ಕಟ್ಟಬಹುದು. ಅದಕ್ಕೆ ಬೇಕಾದ ಬಂಡವಾಳ ಗಿರಾಕಿ ಕೊಡುವ ದುಡ್ಡು. ಆ ದುಡ್ಡನ್ನು ತಿಂಗಳುಗಟ್ಟಲೆ ಅದುಮಿಟ್ಟುಕೊಂಡು ಕೂತವರೇ ವೇದಿಕೆ ಹತ್ತಿ ಹೊಸ ಉದ್ಯಮಿಗಳಿಗೆ ಧೈರ್ಯದ ಪಾಠ ಹೇಳುತ್ತಿದ್ದಾರೆ. ನನ್ನ ಸಿಟ್ಟು ಇರುವುದು ಅಲ್ಲಿ.

ಮೊದಲು ಆ ಫಂಡಿಂಗ್ ಎಂಬುದರ ಒಳಗುಟ್ಟು ನೋಡೋಣ. ವಿಸಿ ಸಂಸ್ಥೆ ಹಾಕುವ ದುಡ್ಡು ಬಹುಪಾಲು ಅದರದ್ದಲ್ಲ. ಪಿಂಚಣಿ ನಿಧಿ, ವಿಮಾ ಕಂಪನಿ, ದೊಡ್ಡ ಮನೆತನಗಳಿಂದ ಎತ್ತಿದ ದುಡ್ಡು. ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಅದನ್ನು ಲಾಭದೊಂದಿಗೆ ಹಿಂದಿರುಗಿಸಬೇಕು. ನಿಧಿ ನೋಡಿಕೊಳ್ಳಲು ವರ್ಷಕ್ಕೆ ನೂರಕ್ಕೆ ಎರಡು ಶುಲ್ಕ, ಲಾಭ ಬಂದರೆ ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಂಬುದು ರೂಢಿಯ ಲೆಕ್ಕ. 1,000 ಕೋಟಿಯ ನಿಧಿಯಾದರೆ ನಿಮ್ಮ ಕಂಪನಿ ಬದುಕಲಿ ಸಾಯಲಿ, ವರ್ಷಕ್ಕೆ 20 ಕೋಟಿ ಅವರಿಗೆ ಖಾತ್ರಿ. ಹತ್ತು ಕಂಪನಿಗೆ ಹಾಕಿದರೆ ಏಳೆಂಟು ಮುಳುಗುತ್ತವೆ ಎಂದು ಅವರಿಗೆ ಮೊದಲೇ ಗೊತ್ತು. ಉಳಿದವುಗಳಲ್ಲಿ ಒಂದೆರಡು ನೂರು ಪಟ್ಟು ಬೆಳೆದರೆ ಅವರ ಲೆಕ್ಕ ಚುಕ್ತಾ. ಹಾಗಾಗಿ ನಿಧಾನವಾಗಿ, ಗಟ್ಟಿಯಾಗಿ, ವರ್ಷಕ್ಕೆ ನೂರಕ್ಕೆ ಇಪ್ಪತ್ತರಂತೆ ಬೆಳೆಯುವ ಕಂಪನಿ ಅವರಿಗೆ ಬೇಡ. ಅಂಥದ್ದು ಊರಿಗೆ ಬೇಕು, ಕೆಲಸಗಾರರಿಗೆ ಬೇಕು, ಗಿರಾಕಿಗೆ ಬೇಕು. ಅವರಿಗೆ ಮಾತ್ರ ಬೇಡ.

ಕಾಗದಪತ್ರದಲ್ಲಿ ಇನ್ನೊಂದು ಷರತ್ತು ಇರುತ್ತದೆ. ಅವರು 40 ಕೋಟಿ ಹಾಕಿ ಕಾಲು ಪಾಲು ತೆಗೆದುಕೊಂಡರು ಎನ್ನಿ. ಮುಂದೆ ಕಂಪನಿ 50 ಕೋಟಿಗೆ ಮಾರಾಟವಾಯಿತು. ಮುಕ್ಕಾಲು ಪಾಲು ನಮ್ಮದು, 37 ಕೋಟಿಗೆ ಮೋಸವಿಲ್ಲ ಎಂದು ನೀವು ಲೆಕ್ಕ ಹಾಕಿರುತ್ತೀರಿ. ಷರತ್ತಿನ ಪ್ರಕಾರ ಮೊದಲು 40 ಕೋಟಿ ಅವರು ಎತ್ತಿಕೊಳ್ಳುತ್ತಾರೆ. ಮಿಕ್ಕ 10 ಕೋಟಿಯಲ್ಲಿ ನೀವು, ನಿಮ್ಮ ಜೊತೆಗಾರರು, ಷೇರು ಕೊಡುತ್ತೇವೆಂದು ನಂಬಿಸಿ ಕಡಿಮೆ ಸಂಬಳಕ್ಕೆ ದುಡಿಸಿಕೊಂಡ ಹುಡುಗರು, ಎಲ್ಲ ಹಂಚಿಕೊಳ್ಳಬೇಕು. ಹಾಕಿದ ದುಡ್ಡೂ ಬೇಕು, ಮೇಲೆ ಕಾಲು ಪಾಲೂ ಬೇಕು ಎಂಬ ಷರತ್ತಿದ್ದರೆ ಆ ಹತ್ತರಲ್ಲೂ ಎರಡೂವರೆ ಕೋಟಿ ಅವರದ್ದೇ. ಇದರಲ್ಲಿ ಕಳ್ಳತನವಿಲ್ಲ, ನೀವೇ ಸಹಿ ಹಾಕಿದ್ದೀರಿ. ಆದರೆ ಇದನ್ನು ಶಾಲು ಹೊದಿಸುವವರು ಯಾರೂ ಹೇಳಿರುವುದಿಲ್ಲ.

ಆನ್‌ಲೈನ್ ಪಾಠ ಮಾರುತ್ತಿದ್ದ ಬೈಜೂಸ್ ಕಥೆ ನಮ್ಮ ಕಣ್ಣೆದುರೇ ನಡೆಯಿತು. 2022ರಲ್ಲಿ ಅದರ ಬೆಲೆ 2,200 ಕೋಟಿ ಡಾಲರ್ ಎಂದರು. 2021ರ ಕೊನೆಯಲ್ಲಿ ಅಮೆರಿಕದಿಂದ 120 ಕೋಟಿ ಡಾಲರ್ ಸಾಲ ತಂದಿದ್ದರು. ಎಡಕ್ಕೊಂದು ಬಲಕ್ಕೊಂದು ಕಂಪನಿ ಕೊಂಡರು. ಸಿನಿಮಾ ನಟ, ಕ್ರಿಕೆಟ್ ಜೆರ್ಸಿ, ವಿಶ್ವಕಪ್ ಫುಟ್‌ಬಾಲ್, ಎಲ್ಲದರ ಮೇಲೂ ಅವರ ಹೆಸರು. ಇಎಂಐ ಕಟ್ಟಲಾಗದ ತಂದೆತಾಯಿಗಳ ದೂರು ಒಂದು ಕಡೆ, ಸಾವಿರಗಟ್ಟಲೆ ಕೆಲಸ ಕಳೆದುಕೊಂಡ ಹುಡುಗ ಹುಡುಗಿಯರು ಇನ್ನೊಂದು ಕಡೆ. 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಅದನ್ನು ದಿವಾಳಿ ಪ್ರಕ್ರಿಯೆಗೆ ತಳ್ಳಿತು. ಕಾರಣ ಏನು ಗೊತ್ತೇ? ಕ್ರಿಕೆಟ್ ಮಂಡಳಿಗೆ ಕೊಡಬೇಕಾಗಿದ್ದ ಸುಮಾರು 158 ಕೋಟಿ ರೂಪಾಯಿ ಪ್ರಾಯೋಜಕತ್ವದ ಬಾಕಿ. ಅಷ್ಟು ದೊಡ್ಡ ಬೆಲೆಯ ಕಂಪನಿ ಬಿದ್ದದ್ದು ಒಂದು ಬಿಲ್ಲು ಕೊಡದೆ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಿ. ಕ್ರಿಕೆಟ್ ಮಂಡಳಿ ನ್ಯಾಯಮಂಡಳಿಯ ಬಾಗಿಲು ತಟ್ಟಿತು, ಬಾಗಿಲು ತೆರೆಯಿತು. ಅದೇ ಥರದ ಯಾವುದೋ ಕಂಪನಿಗೆ ಬ್ಯಾಗ್ ಹೊಲಿದುಕೊಟ್ಟವನಿಗೆ, ಊಟ ಪೂರೈಸಿದವಳಿಗೆ 30 ಲಕ್ಷ ಬಾಕಿ ಇದ್ದರೆ? ಬಾಗಿಲು ತೆರೆಯುವುದಿಲ್ಲ. ದಿವಾಳಿ ಕಾನೂನಿನಡಿ ದಾವೆ ಹೂಡಲು ಬಾಕಿ ಕನಿಷ್ಠ 1 ಲಕ್ಷ ಇರಬೇಕು ಎಂಬ ಮಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಹೆಸರಿನಲ್ಲಿ ಅದನ್ನು 1 ಕೋಟಿಗೆ ಏರಿಸಿದರು. ಕೋವಿಡ್ ಹೋಯಿತು, ಮಿತಿ ಹೋಗಲಿಲ್ಲ. ಕೋಟಿಗಿಂತ ಕಡಿಮೆ ಬಾಕಿಯವನು ಆ ಕಟ್ಟಡದ ಮೆಟ್ಟಿಲನ್ನೂ ಹತ್ತುವಂತಿಲ್ಲ.

ಹಾಗಾದರೆ ಹೊರಗಿನ ಬಂಡವಾಳ ಮುಟ್ಟದೆ ಬೆಳೆದವರು ಇಲ್ಲವೇ? ಇದ್ದಾರೆ. ಅವರ ಕಥೆಯನ್ನು ಆರತಿ ಎತ್ತುತ್ತ ಹೇಳುವವರೂ ಇದ್ದಾರೆ. ಬೆಂಗಳೂರಿನ ಜೆರೋಧಾ 2010ರಲ್ಲಿ ಶುರುವಾಯಿತು. ಹೊರಗಿನ ಹೂಡಿಕೆದಾರರಿಂದ ಕಾಸೂ ತೆಗೆದುಕೊಳ್ಳದೆ, ಪ್ರತಿ ವಹಿವಾಟಿಗೆ 20 ರೂಪಾಯಿ ಎಂಬ ದರ ಇಟ್ಟು, ದೇಶದ ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳಲ್ಲಿ ಒಂದಾಯಿತು. 1996ರಲ್ಲಿ ಅಡ್ವೆಂಟ್‌ನೆಟ್ ಹೆಸರಿನಲ್ಲಿ ಹುಟ್ಟಿದ ಜೋಹೊ ತಮಿಳುನಾಡಿನ ತೆಂಕಾಸಿಯಂಥ ಕಡೆಯಿಂದಲೂ ಜಗತ್ತಿಗೆ ತಂತ್ರಾಂಶ ಮಾರಿತು, ವಿಸಿ ದುಡ್ಡು ಮುಟ್ಟಲಿಲ್ಲ. ಮೆಚ್ಚೋಣ. ಆದರೆ ಸ್ವಂತ ಕಾಲ ಮೇಲೆ ನಿಂತ ಮಾತ್ರಕ್ಕೆ ದೇವರಾಗುವುದಿಲ್ಲ. ಡೆರಿವೇಟಿವ್ ವಹಿವಾಟಿನಲ್ಲಿ ಸಾಮಾನ್ಯ ಜನರ ಗತಿ ಏನೆಂದು ಸೆಬಿಯೇ ಲೆಕ್ಕ ಹಾಕಿ 2024ರಲ್ಲಿ ಹೇಳಿದೆ: ಮೂರು ವರ್ಷದಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ. ಕಳೆದುಕೊಂಡವನ ಪ್ರತಿ ಆಟಕ್ಕೂ ಇಡೀ ದಲ್ಲಾಳಿ ಲೋಕಕ್ಕೆ ಶುಲ್ಕ ಸಂದಿದೆ. ಬಂಡವಾಳ ಎಲ್ಲಿಂದ ಬಂತು ಎಂಬುದು ಅರ್ಧ ಪ್ರಶ್ನೆ. ಗಿರಾಕಿಗೆ ಏನು ಕೊಟ್ಟಿರಿ ಎಂಬುದು ಉಳಿದರ್ಧ.

ಇನ್ನೊಂದು ಕಥೆ ನಮಗೆಲ್ಲ ಬಾಯಿಪಾಠ. 1981ರಲ್ಲಿ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟ 10,000 ರೂಪಾಯಿಯಲ್ಲಿ ಇನ್ಫೋಸಿಸ್ ಹುಟ್ಟಿತು. ನಿಜ. ಆ ಹೆಣ್ಣುಮಗಳ ದುಡಿಮೆಗೂ ನಂಬಿಕೆಗೂ ಗೌರವ ಸಲ್ಲಲೇಬೇಕು. ಆದರೆ ಈ ಕಥೆಯನ್ನು ಕಾಲೇಜು ಕಾಲೇಜಿಗೆ ಹೋಗಿ ಹೇಳುವ ಮಹನೀಯರೇ, 1981ರಲ್ಲಿ ಎಷ್ಟು ಮನೆಯ ಡಬ್ಬಿಯಲ್ಲಿ 10,000 ರೂಪಾಯಿ ಇತ್ತು? ಯಾವ ಕೇರಿಯ ಡಬ್ಬಿಯಲ್ಲಿ ಇತ್ತು? ಸ್ವಂತ ದುಡ್ಡಿನಲ್ಲಿ ಶುರು ಮಾಡಿ, ಮನೆಯವರನ್ನು ಕೇಳಿ, ಸ್ನೇಹಿತರನ್ನು ಕೇಳಿ ಎನ್ನುತ್ತೀರಿ. ಮೂರು ತಲೆಮಾರು ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡಿದವರ ಮನೆಯಲ್ಲಿ ಯಾರನ್ನು ಕೇಳಬೇಕು? ಇಂಜಿನಿಯರಿಂಗ್ ಮುಗಿಸಿದ ಮೊದಲ ತಿಂಗಳಿಂದ ಅಕ್ಕನ ಮದುವೆಯ ಸಾಲ, ತಂಗಿಯ ಹಾಸ್ಟೆಲ್ ಫೀಸು, ಅಪ್ಪನ ಆಸ್ಪತ್ರೆ ಖರ್ಚು ಹೊರುವ ಹುಡುಗನಿಗೆ ಎರಡು ವರ್ಷ ಸಂಬಳವಿಲ್ಲದೆ ಕನಸು ಕಾಣಲು ಆಗುತ್ತದೆಯೇ? ಸೋತರೆ ವಾಪಸ್ ಹೋಗಲು ಜಯನಗರದಲ್ಲಿ ಅಪ್ಪನ ಮನೆ ಇರುವವನ ಧೈರ್ಯವನ್ನೂ, ಸೋತರೆ ಪಡಿತರಕ್ಕೂ ಪರದಾಡುವವನ ಭಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಯಾವ ನ್ಯಾಯ?

ಬ್ಯಾಂಕ್ ಇದೆಯಲ್ಲ ಎನ್ನುತ್ತಾರೆ. ಇದೆ. ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. 2016ರ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆ ಪ್ರತಿ ಶಾಖೆಯೂ ಒಬ್ಬ ದಲಿತ ಅಥವಾ ಆದಿವಾಸಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕೆಂದು ಬರೆಯಿತು. ಕಾಗದ ಅಷ್ಟು ಚೆಂದ. ಮ್ಯಾನೇಜರ್ ಮುಂದೆ ಕೂತ ಹುಡುಗಿಗೆ ಬರುವ ಮೊದಲ ಪ್ರಶ್ನೆ ಅದೇ ಹಳೆಯದು: ‘ಶ್ಯೂರಿಟಿ ಏನಿದೆಯಮ್ಮ?’ ಎರಡನೆಯದು: ‘ಮನೆಯಲ್ಲಿ ಗಂಡಸರು ಯಾರಾದರೂ ಬಂದಿದ್ದಾರಾ?’ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಕೊನೆಗೆ ಅವಳು ಚೀಟಿ ಎತ್ತುತ್ತಾಳೆ, ಒಡವೆ ಅಡ ಇಡುತ್ತಾಳೆ, ಇಲ್ಲವೇ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತರುತ್ತಾಳೆ.

ಇಷ್ಟೆಲ್ಲ ದಾಟಿ ಅಂಗಡಿ ತೆರೆದಳು, ಆರ್ಡರ್ ಬಂತು, ಮಾಲು ಕೊಟ್ಟಳು. ಅಲ್ಲಿಂದ ನಿಜವಾದ ಕಥೆ ಶುರು.

ಪೀಣ್ಯದ ಒಂದು ಶೆಡ್ಡಿಗೆ ಬನ್ನಿ. ಎರಡು ಸಿಎನ್‌ಸಿ ಮಷಿನ್, ಒಂದು ಡ್ರಿಲ್ಲಿಂಗ್, ಮೂಲೆಯಲ್ಲಿ ಕಬ್ಬಿಣದ ಪುಡಿಯ ಚೀಲಗಳು, ನೆಲದ ಮೇಲೆ ಕೂಲೆಂಟ್ ಎಣ್ಣೆಯ ಜಿಡ್ಡು. ಬಿಡಿಭಾಗ ಮಾಡಿಕೊಟ್ಟು 10 ಲಕ್ಷದ ಬಿಲ್ಲು ಹಾಕಿದರು. ಕಚ್ಚಾ ಮಾಲಿಗೆ 5 ಲಕ್ಷ, ಕೂಲಿ, ಕರೆಂಟು, ಬಾಡಿಗೆಗೆ 3 ಲಕ್ಷ ಆಗಲೇ ಕೈಬಿಟ್ಟು ಹೋಗಿದೆ. ಉಳಿಯಬೇಕಾದದ್ದು 2 ಲಕ್ಷ. ಬಿಲ್ಲಿನ ಮೇಲೆ ನೂರಕ್ಕೆ 18ರಂತೆ 1.80 ಲಕ್ಷ ಜಿಎಸ್‌ಟಿ. ಕಚ್ಚಾ ಮಾಲು ತರುವಾಗ ಅರ್ಧ ಕೊಟ್ಟಾಗಿದೆ, ಉಳಿದರ್ಧವನ್ನು ಮುಂದಿನ ತಿಂಗಳು 20ರೊಳಗೆ ಕಟ್ಟಬೇಕು. ಗಿರಾಕಿ ದುಡ್ಡು ಕೊಟ್ಟಿದ್ದಾನೋ ಇಲ್ಲವೋ ಸರ್ಕಾರಕ್ಕೆ ಬೇಕಿಲ್ಲ. ತಡವಾದರೆ ಬಡ್ಡಿ, ದಂಡ. ಅಂದರೆ ಈ ಒಂದು ಆರ್ಡರಿನ ಹಿಂದೆ 9.80 ಲಕ್ಷ ಸಿಕ್ಕಿಕೊಂಡಿತು. ಗಿರಾಕಿ ನಾಲ್ಕು ತಿಂಗಳು ಬಿಟ್ಟು ಕೊಟ್ಟ. ಅಷ್ಟೂ ದುಡ್ಡು ಮೂರು ರೂಪಾಯಿ ಬಡ್ಡಿಯದ್ದಾದರೆ ನಾಲ್ಕು ತಿಂಗಳ ಬಡ್ಡಿಯೇ 1.17 ಲಕ್ಷ ದಾಟಿತು. ಎರಡು ಲಕ್ಷದ ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಬಡ್ಡಿಯವನ ಪಾಲು.

ಈಗ ಗಿರಾಕಿಯ ಕಡೆ ನೋಡಿ. ಅದು ನೂರಾರು ಕೋಟಿ ವಹಿವಾಟಿನ ಕಂಪನಿ. ನಮ್ಮ ಶೆಡ್ಡಿನವರು ಕಟ್ಟಿದ ಆ 1.80 ಲಕ್ಷ ಜಿಎಸ್‌ಟಿಯನ್ನು ಅದು ತನ್ನ ತೆರಿಗೆಯಲ್ಲಿ ಆಗಲೇ ಮುರಿದುಕೊಂಡಿದೆ, ಬಿಲ್ಲಿನ ಒಂದು ರೂಪಾಯಿಯನ್ನೂ ಕೊಡದೆ! ಕಾನೂನು ಅದಕ್ಕೆ 180 ದಿನದ ಅವಕಾಶ ಕೊಟ್ಟಿದೆ. ಅಷ್ಟರೊಳಗೆ ಬಿಲ್ಲು ಪಾವತಿಸಿದರೆ ಸಾಕು. ಇನ್ನೊಂದು ಕಾನೂನು, 2006ರ ಎಂಎಸ್‌ಎಂಇ ಕಾಯ್ದೆ, ಸಣ್ಣವರ ಬಿಲ್ಲು 45 ದಿನ ಮೀರಬಾರದು ಎನ್ನುತ್ತದೆ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಒಂದೇ ಸರ್ಕಾರ, ಒಂದು ಕೈಯಲ್ಲಿ 45, ಇನ್ನೊಂದು ಕೈಯಲ್ಲಿ 180. ದೊಡ್ಡವನು ಯಾವ ಕೈ ಹಿಡಿಯುತ್ತಾನೆ ಎಂದು ಹೇಳಬೇಕೇ?

ಬಾಕಿ ಕೇಳಲು ಹೋದವನ ಪಾಡು ನೋಡಬೇಕು. ಗೇಟಿನಲ್ಲಿ ಹೆಸರು ಬರೆಸಿ, ಪಾಸು ತಗಲಿಸಿಕೊಂಡು, ರಿಸೆಪ್ಶನ್ ಕುರ್ಚಿಯಲ್ಲಿ ಒಂದು ಗಂಟೆ ಕೂರಬೇಕು. ಆಮೇಲೆ ಅಕೌಂಟ್ಸ್ ವಿಭಾಗದಿಂದ ಒಬ್ಬರು ಬರುತ್ತಾರೆ.

‘ನಿಮ್ಮ ಮಾಲು ಬಂದ ಎಂಟ್ರಿ, ಜಿಆರ್‌ಎನ್, ಆಗಿಲ್ಲ ಸಾರ್.’

‘ಮಾಲು ಇಳಿಸಿ ಎರಡು ತಿಂಗಳಾಯ್ತಲ್ಲ ಮೇಡಂ, ಚಲನ್ ಮೇಲೆ ಸೀಲೂ ಇದೆ.’

‘ಸ್ಟೋರ್ಸ್‌ನವರು ಎಂಟ್ರಿ ಮಾಡಬೇಕು, ಅವರನ್ನ ಕೇಳಿ.’

ಸ್ಟೋರ್ಸ್‌ನವರು ಕ್ವಾಲಿಟಿಯವರ ಕಡೆ ತೋರಿಸುತ್ತಾರೆ. ಕ್ವಾಲಿಟಿಯವರು ರಜೆಯಲ್ಲಿದ್ದಾರೆ. ಈ ತಿಂಗಳ ಪೇಮೆಂಟ್ ರನ್ ಮುಗಿಯಿತು, ಮುಂದಿನ ತಿಂಗಳು ನೋಡೋಣ. ನಲವತ್ತು ವರ್ಷ ಲೇತ್ ಮುಂದೆ ನಿಂತು ದುಡಿದ ಮನುಷ್ಯ ತನ್ನ ದುಡ್ಡನ್ನು ಭಿಕ್ಷೆಯಂತೆ ಬೇಡಿ, ‘ಸ್ವಲ್ಪ ನೋಡಿ ಮೇಡಂ’ ಎಂದು ಕೈಮುಗಿದು ಬರುತ್ತಾನೆ. ಹಲ್ಲು ಕಡಿಯುವುದು ಹೊರಗಿನ ರಸ್ತೆಗೆ ಬಂದ ಮೇಲೆ.

ಸಣ್ಣವರ ಬಾಕಿ ಕೊಡಿಸಲೆಂದೇ ಇರುವ ಫೆಸಿಲಿಟೇಶನ್ ಕೌನ್ಸಿಲಿಗೆ ದೂರು ಕೊಡಬಹುದಲ್ಲ ಎಂದು ಕಾನೂನು ಓದಿದವರು ಕೇಳುತ್ತಾರೆ. ಕೊಡಬಹುದು. ಕೌನ್ಸಿಲಿನ ಆದೇಶದ ವಿರುದ್ಧ ಕೋರ್ಟಿಗೆ ಹೋಗಬೇಕಾದರೆ ದೊಡ್ಡವನು ಮೊದಲು ಮುಕ್ಕಾಲು ಭಾಗ ದುಡ್ಡು ಕಟ್ಟಬೇಕು ಎಂಬ ಒಳ್ಳೆಯ ನಿಯಮವೂ ಇದೆ. ಆದರೆ ದೂರು ಕೊಟ್ಟ ಮರುದಿನ ಆರ್ಡರ್ ನಿಲ್ಲುತ್ತದೆ. ಅದರ ಮರುದಿನ ಆ ವಲಯದ ಉಳಿದ ಪರ್ಚೇಸ್ ಮ್ಯಾನೇಜರುಗಳ ಕಿವಿಗೂ ಸುದ್ದಿ ಬೀಳುತ್ತದೆ. 2024ರ ಏಪ್ರಿಲ್ ಹೊತ್ತಿಗೆ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ಬಂತು. ಸಣ್ಣವರ ಬಿಲ್ಲು ಕಾಲಕ್ಕೆ ಸರಿಯಾಗಿ ಕೊಡದಿದ್ದರೆ ಆ ವರ್ಷ ಅದನ್ನು ಖರ್ಚಿನಲ್ಲಿ ತೋರಿಸುವಂತಿಲ್ಲ ಎಂದಿತು. ದೊಡ್ಡವರು ಏನು ಮಾಡಿದರು? ಸಣ್ಣ ಉದ್ಯಮ ಎಂದು ತೋರಿಸುವ ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸಿ, ಇಲ್ಲವಾದರೆ ಆರ್ಡರ್ ಬೇರೆಯವರಿಗೆ ಎಂಬ ಒತ್ತಡ ಬರುತ್ತಿದೆ ಎಂದು ಉದ್ಯಮ ಸಂಘಗಳೇ ದೂರಿದವು. ಕಾಯಲು ಕಾನೂನು ಬಂದರೆ ಕಾನೂನಿನ ನೆರಳಿನಿಂದಲೇ ಆಚೆ ಬಾ ಎನ್ನುವ ದರ್ಪ ಇದು.

ಇದನ್ನು ಕೇಳಿ ಇದೆಲ್ಲ ಕಾರ್ಖಾನೆಯವರ ಗೋಳು, ನಾವು ಸಾಫ್ಟ್‌ವೇರಿನವರು ಎಂದು ಎಚ್‌ಎಸ್‌ಆರ್ ಲೇಔಟಿನ ಹುಡುಗರು ನಗಬೇಡಿ. ನಿಮ್ಮ ಬಿಲ್ಲೂ ಅದೇ ಮೇಜಿನ ಮೇಲೆ ಕೊಳೆಯುತ್ತಿದೆ. ನಿಮಗೂ ಆರು ತಿಂಗಳು ಬಿಟ್ಟಿ ಕೆಲಸ ಮಾಡಿಸಿಕೊಳ್ಳುತ್ತಾರೆ, ಅದಕ್ಕೆ ‘ಪೈಲಟ್’ ಎಂದು ಹೆಸರಿಡುತ್ತಾರೆ. ನೀವು ವಿಸಿ ಬಾಗಿಲಿಗೆ ಓಡುವುದರಲ್ಲಿ ಎಷ್ಟೋ ಸಲ ಬೆಳೆಯುವ ಆಸೆ ಇಲ್ಲ, ಸಂಬಳದ ದಿನ ಹತ್ತಿರ ಬಂತೆಂಬ ದಿಗಿಲು ಇದೆ. ಗಿರಾಕಿ ಹೊತ್ತಿಗೆ ಸರಿಯಾಗಿ ಕೊಟ್ಟಿದ್ದರೆ ಕಾಲು ಪಾಲು ಮಾರುವ ಪ್ರಮೇಯವೇ ಬರುತ್ತಿರಲಿಲ್ಲ.

ಈ ನಾಡಿಗೆ ಬಂಡವಾಳ ಕಟ್ಟುವುದು ಹೊಸತಲ್ಲ. 1904ರಲ್ಲಿ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷವೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. 1925ರಲ್ಲಿ ಉಡುಪಿಯಲ್ಲಿ ನೇಕಾರರು ಕೆಲಸವಿಲ್ಲದೆ ಕೂತಾಗ 8,000 ರೂಪಾಯಿ ಬಂಡವಾಳದಲ್ಲಿ ಹುಟ್ಟಿದ್ದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ದಿನಕ್ಕೆ ಎರಡಾಣೆ ಮನೆಬಾಗಿಲಿಗೇ ಬಂದು ಪಡೆಯುವ ಪಿಗ್ಮಿ ಠೇವಣಿ ತಂದಿತು. ಇಂದಿಗೂ ಸಂತೆಯಲ್ಲಿ, ಹೂವಿನ ಅಂಗಡಿಯಲ್ಲಿ ಪಿಗ್ಮಿ ಕಲೆಕ್ಟರ್ ಸಂಜೆ ಬಂದು ನಿಲ್ಲುತ್ತಾನೆ. 1973ರಲ್ಲಿ ಅಡಿಕೆಗೆ ಬೆಲೆ ಇಲ್ಲದೆ ಬೆಳೆಗಾರ ಕಂಗೆಟ್ಟಾಗ ವಾರಣಾಶಿ ಸುಬ್ರಾಯ ಭಟ್ಟರು ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಕೋಕೊ ಕೊಳ್ಳುವವರಿಲ್ಲ ಎಂದಾಗ ಅದೇ ಬೆಳೆಗಾರರ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಈ ಮೂರರಲ್ಲೂ ಯಾರೂ ಪಿಚ್ ಡೆಕ್ ತೋರಿಸಲಿಲ್ಲ. ಊರವರ ಸಣ್ಣ ದುಡ್ಡು ಸೇರಿತು, ಲೆಕ್ಕ ಊರವರ ಕಣ್ಣ ಮುಂದೆ ಇತ್ತು.

ಆ ಕಾಲವೆಲ್ಲ ಬಂಗಾರ ಎಂದು ನಾನು ಹೇಳುವುದಿಲ್ಲ. ಆ ಸಂಘಗಳ ಗಾದಿಯ ಮೇಲೆ ಯಾವ ಜಾತಿಯವರು ಕೂತರು, ಜಗಲಿಯ ಕೆಳಗೆ ಯಾರು ನಿಂತರು ಎಂಬುದು ನಮಗೆ ಗೊತ್ತು. ಎಷ್ಟೋ ಸಹಕಾರಿ ಬ್ಯಾಂಕುಗಳನ್ನು ಅಧ್ಯಕ್ಷರ ಬಳಗವೇ ನುಂಗಿ ನೀರು ಕುಡಿದದ್ದೂ ಗೊತ್ತು. ಆದರೂ ಸಣ್ಣ ದುಡ್ಡು ಊರಿನಲ್ಲೇ ತಿರುಗುವ ಒಂದು ದಾರಿ ಇತ್ತು. ಅದನ್ನು ಸರಿಪಡಿಸಬೇಕಿತ್ತು, ಮುಚ್ಚಿದರು. 2017ರಲ್ಲಿ ಮೈಸೂರು ಬ್ಯಾಂಕ್, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು ಬೇರೆ ದೊಡ್ಡ ಬ್ಯಾಂಕುಗಳ ಹೊಟ್ಟೆ ಸೇರಿದವು. ಖಾಲಿಯಾದ ಜಾಗಕ್ಕೆ ಮೈಕ್ರೊಫೈನಾನ್ಸಿನವರು ಬಂದರು. ಅವರ ವಸೂಲಿ ಕಿರುಕುಳಕ್ಕೆ ಜನ ಊರು ಬಿಟ್ಟರು, ಜೀವ ಬಿಟ್ಟರು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು.

ಹೊಸದಾಗಿ ಶುರು ಮಾಡುವ ತಮ್ಮಂದಿರಿಗೆ, ತಂಗಿಯರಿಗೆ ನಾನು ಹೇಳುವುದು ಇಷ್ಟು. ಮುಂಗಡ ಇಲ್ಲದೆ ಕೆಲಸ ಮುಟ್ಟಬೇಡಿ. ಬಿಟ್ಟಿ ಪೈಲಟ್ ಮಾಡಬೇಡಿ, ಅರ್ಧ ದರಕ್ಕಾದರೂ ಬಿಲ್ಲು ಹಾಕಿ. ಒಬ್ಬನೇ ದೊಡ್ಡ ಗಿರಾಕಿಯ ಅಂಗಳದಲ್ಲಿ ಬದುಕಬೇಡಿ, ಹತ್ತು ಸಣ್ಣ ಗಿರಾಕಿಗಳು ಒಬ್ಬ ಧಣಿಗಿಂತ ಮೇಲು. ಉದ್ಯಮ್ ನೋಂದಣಿ ಸಂಖ್ಯೆಯನ್ನೂ 45 ದಿನದ ನಂತರದ ಬಡ್ಡಿಯನ್ನೂ ಪ್ರತಿ ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಚಲನ್ ಮೇಲೆ ಸಹಿ, ಸೀಲು, ತಾರೀಕು ಬಿಡಬೇಡಿ. ಕೌನ್ಸಿಲಿಗೆ ಒಬ್ಬರೇ ಹೋದರೆ ಆರ್ಡರ್ ಹೋಗುತ್ತದೆ. ಒಂದೇ ಕಂಪನಿಗೆ ಮಾಲು ಕೊಡುವ ಇಪ್ಪತ್ತು ಜನ ಒಟ್ಟಿಗೆ ಹೋದರೆ ಅವರ ಅಸೆಂಬ್ಲಿ ಲೈನು ನಿಲ್ಲುತ್ತದೆ. ಸಂಘ ಇರುವುದು ವಾರ್ಷಿಕ ಸಭೆಯ ಊಟಕ್ಕಲ್ಲ.

ಸರ್ಕಾರಕ್ಕೂ ಹೇಳುವುದಿದೆ. ಸಣ್ಣವರು ಜಿಎಸ್‌ಟಿಯನ್ನು ದುಡ್ಡು ಕೈಗೆ ಬಂದ ಮೇಲೆ ಕಟ್ಟುವಂತಾಗಲಿ. ಇದು ಆಗದ ಮಾತಲ್ಲ. ಹಿಂದಿನ ಸೇವಾ ತೆರಿಗೆಯಲ್ಲಿ 50 ಲಕ್ಷದೊಳಗಿನ ಬಿಡಿ ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ಇದೇ ಸವಲತ್ತು ಇತ್ತು. ಬಿಲ್ಲು ಪಾವತಿಸುವವರೆಗೆ ದೊಡ್ಡವನಿಗೆ ತೆರಿಗೆ ಮುರಿದುಕೊಳ್ಳುವ ಹಕ್ಕು ಬೇಡ. ಸರ್ಕಾರಿ ಇಲಾಖೆಗಳೇ ಮೊದಲು ತಮ್ಮ ಬಾಕಿ ತೀರಿಸಲಿ.

ಇನ್ನೊಂದು ಮಾತು. 2019ರಿಂದ ಕಂಪನಿಗಳು ಸಣ್ಣವರಿಗೆ 45 ದಿನ ಮೀರಿ ಉಳಿಸಿಕೊಂಡ ಬಾಕಿಯ ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ಎಂಎಸ್‌ಎಂಇ-1 ನಮೂನೆಯಲ್ಲಿ ಸರ್ಕಾರಕ್ಕೆ ಕೊಡಬೇಕು. ಅಂದರೆ ಕೊಡದವರ ಹೆಸರು ಸರ್ಕಾರದ ಕಡತದಲ್ಲಿದೆ. ಪೀಣ್ಯದ ಸಣ್ಣ ಮಾಲೀಕ ಸಾಲ ಕಟ್ಟದಿದ್ದರೆ ಬ್ಯಾಂಕು ಅವನ ಹೆಸರು, ತಂದೆಯ ಹೆಸರು, ಮನೆಯ ಚಕ್ಕುಬಂದಿ ಸಮೇತ ಪತ್ರಿಕೆಯಲ್ಲಿ ಹರಾಜು ನೋಟಿಸ್ ಹಾಕುತ್ತದೆ. ಅವನಿಗೆ ಕೊಡಬೇಕಾದದ್ದನ್ನು ಕೊಡದ ಕಂಪನಿಯ ಹೆಸರು ಮಾತ್ರ ಕಡತದೊಳಗೆ ಭದ್ರ. ಆ ಪಟ್ಟಿಯನ್ನೂ ಅದೇ ಪತ್ರಿಕೆಯಲ್ಲಿ, ಅದೇ ಅಕ್ಷರದ ಗಾತ್ರದಲ್ಲಿ ಹಾಕಿ. ಒಂದು ವರ್ಷ ಹಾಕಿ ನೋಡಿ.

ಇದನ್ನು ಓದುತ್ತಿರುವ ನೀವು ಯಾವುದಾದರೂ ದೊಡ್ಡ ಕಂಪನಿಯ ಅಕೌಂಟ್ಸಿನಲ್ಲೋ, ಪರ್ಚೇಸಿನಲ್ಲೋ, ಸರ್ಕಾರಿ ಇಲಾಖೆಯ ಬಿಲ್ಲು ವಿಭಾಗದಲ್ಲೋ ಕೂತಿದ್ದರೆ ನಿಮಗೂ ಒಂದು ಕೋರಿಕೆ. ನಿಮ್ಮ ಸಂಬಳ ತಿಂಗಳ ಕೊನೆಗೆ ತಪ್ಪದೆ ಬರುತ್ತದೆ. ನಿಮ್ಮ ಮೇಜಿನ ಮೇಲಿರುವ ಹಳೆಯ ಬಿಲ್ಲು ಇನ್ನೊಬ್ಬರ ಹತ್ತು ಮನೆಯ ಸಂಬಳ. ನಾಳೆ ಬೆಳಗ್ಗೆ ಹೋದವರೇ ಮೊದಲು ಅದಕ್ಕೆ ಸಹಿ ಹಾಕಿ ಕಳಿಸಿ.